ಸಿಡಿಲು ಗರುಡನ ಬೆನ್ನು

ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಚಳ್ಳಕೆರೆಯ ನಮ್ಮ ನಡುಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗಿರಿಜೆ, ಆಲ್ಬಮ್ಮಿನ ಪ್ಲಾಸ್ಟಿಕ್ ಜೇಬುಗಳಲ್ಲಿ ಮಿನುಗುವ ಎಂಟು ಪ್ರಾಣಿಗಳು. ಒಂಬತ್ತನೆಯ ಜೇಬು ಖಾಲಿ.

ಶಿಸ್ತಿನ ಮನುಷ್ಯನಿಗೆ ಖಾಲಿ ಜಾಗದಷ್ಟು ಹಿಂಸೆ ಬೇರೊಂದಿಲ್ಲ. ಗ್ರಂಥಪಾಲಕನಾಗಿದ್ದಾಗ ಕಪಾಟಿನಲ್ಲಿ ಒಂದು ಪುಸ್ತಕ ಕಾಣದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ನಿವೃತ್ತನಾದ ಮೇಲೆ ನೆಮ್ಮದಿಯಾಗಿದ್ದೆ. ರಜೆಗೆ ಬಂದ ಮೊಮ್ಮಗಳು ಮಾಂತ್ರಿಕ ಯುದ್ಧದ ಆಟದ ಕಾರ್ಡುಗಳ ಒಂದು ಪೊಟ್ಟಣವನ್ನು "ನಿಮಗೇ ಇರ್ಲಿ ತಾತ" ಎಂದು ಕೊಟ್ಟು ಹೋದಳು. ಒಡೆದೆ. ಮಿರಮಿರ ಹೊಳೆಯುವ ಡ್ರ್ಯಾಗನ್ನೊಂದು ನನಗೆ ಕಣ್ಣು ಹೊಡೆಯಿತು. ನನ್ನ ಗಾಂಭೀರ್ಯ ಅಲ್ಲಿಗೆ ಮುಗಿಯಿತು.

ಹೊಳೆಯುವ ಕಾರ್ಡುಗಳು ಒಟ್ಟು ಒಂಬತ್ತು; ಈಗ ಉಳಿದದ್ದು ಸಿಡಿಲು ಗರುಡ ಒಂದೇ. ಅದಿದ್ದದ್ದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಗೆಳೆಯ ಓಬಣ್ಣನ ಬಳಿ. ಈ ಹುಚ್ಚನ್ನು ಅವನಿಗೆ ಅಂಟಿಸಿದವನೂ ನಾನೇ. "ನಿನ್ನತ್ರ ಹಿಮದ ಹುಲಿ ಎರಡು ಐತಲ್ಲ, ಒಂದು ತಗೊಂಬಾ, ಗರುಡನ್ನ ತಗೊಂಡೋಗು" ಎಂದು ಫೋನಿನಲ್ಲಿ ಹೇಳಿದ್ದ. ಏಳೂವರೆಯ ಬಸ್ಸಿನಲ್ಲಿ ಕೂತು, ಹುಲಿಯಿದ್ದ ಅಂಗಿಯ ಜೇಬನ್ನು ಹತ್ತು ಸಲ ಮುಟ್ಟಿಕೊಂಡೆ. ಹೆಣ್ಣು ನೋಡಲು ಹೋದಾಗಲೂ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ. ಇದನ್ನು ಗಿರಿಜೆಗೆ ಹೇಳಿಲ್ಲ.

ಓಬಣ್ಣ ಹುಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೆರಗಿನ ಜರಿ ಪರೀಕ್ಷಿಸುವಂತೆ ಓರೆ ಮಾಡಿ ನೋಡಿದ. "ಮಸ್ತ್ ಐತಲೇ!" ಎಂದ. ಕಾರ್ಡನ್ನು ಹಿಂದೆ ತಿರುಗಿಸಿದವನ ಮುಖ ಇಳಿಯಿತು.

"ಏನಲೇ ಇದು?"

"ದಾಖಲೆ ಸಂಖ್ಯೆ. ಪಕ್ಕದಲ್ಲಿರೋದು ನನ್ನ ಹೆಸರಿನ ಸೀಲು."

"ಹುಲಿ ಬೆನ್ನಿಗೆ ಸೀಲ್ ಹೊಡ್ದೀಯಾ?"

"ಎಲ್ಲಾದಕ್ಕೂ ಹೊಡ್ದೀನಿ. ಕಳೆದೋದ್ರೆ?"

"ಅಯ್ಯೋ ಪುಣ್ಯಾತ್ಮ, ಮಸಿ ಮೆತ್ತಿದ ಸೀರೆನ ಮದುವೆಗೆ ಯಾರು ತಗೊಳ್ತಾರೆ? ಗರುಡ ಕೊಡಲ್ಲ, ಹೋಗು!"

ನನ್ನ ಕಣ್ಣ ಮುಂದೆ ಒಂಬತ್ತನೆಯ ಜೇಬು ಬಾವಿಯಂತೆ ಬಾಯಿ ತೆರೆಯಿತು. ಮಂಡಕ್ಕಿ ತಂದಿಟ್ಟ ಓಬಣ್ಣನ ಹೆಂಡತಿ ಲಕ್ಷ್ಮಕ್ಕ ಇಬ್ಬರು ಮುದುಕರ ಮುಖವನ್ನೂ ನೋಡಿ ನಕ್ಕಳು. "ಅಣ್ಣಾರು ಪಾಪ, ಅಳಂಗವ್ರೆ. ಲೈಬ್ರರಿ ಪುಸ್ತಕದಂಗೆ ಹದಿನೈದು ದಿನಕ್ಕೆ ಕೊಟ್ಟು ಕಳಿಸ್ರಿ" ಎಂದಳು.

ಓಬಣ್ಣ ಕೊಟ್ಟ. "ಗೀಚಬಾರದು, ಮಡಚಬಾರದು. ಸೀಲ್ ಹೊಡೆದ್ಯೋ, ನಿನ್ ಬೆನ್ನಿಗೆ ನಾನು ಹೊಡಿತೀನಿ." ಕೊನೆಯದೊಂದು ಬಿಟ್ಟರೆ, ಉಳಿದದ್ದೆಲ್ಲ ನಾನೇ ಜೀವಮಾನವಿಡೀ ಓದುಗರಿಗೆ ಹೇಳಿದ ಮಾತು.

ಸಂಜೆ ಮನೆಗೆ ಬಂದವನೇ ಗರುಡನನ್ನು ಎತ್ತಿ ಹಿಡಿದು ನಡುಮನೆಯಲ್ಲಿ ಒಂದು ಸುತ್ತು ಕುಣಿದೆ. "ರೀ, ಇನ್ನೊಂದು ಕೈಯಲ್ಲಿ ಏನದು?" ಎಂದಳು ಗಿರಿಜೆ. ನೋಡಿಕೊಂಡೆ. ಸೀಲು! ಯಾವಾಗ ಎತ್ತಿಕೊಂಡೆನೋ ದೇವರೇ ಬಲ್ಲ.

ಗರುಡನನ್ನು ಒಂಬತ್ತನೆಯ ಜೇಬಿಗೆ ಸೇರಿಸಿದೆ. ಸೀಲನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಹದಿನೈದು ದಿನದ ಮಟ್ಟಿಗೆ ಗಿರಿಜೆಗೆ ಒಪ್ಪಿಸಿದೆ. ತಲುಪಿದ್ದಕ್ಕೆ ಅವಳಿಂದ ಸಹಿ ಹಾಕಿಸಿಕೊಂಡೆ. ಆ ದಿನದ ಕೊನೆಯ ಕೆಲಸ ಅದು.