ನಾಲ್ಕು ಸರ್ವರುಗಳ ಒಂದೇ ಡಿಸ್ಕಿಗೆ ನಕ್ಷೆಗಾರನ ಬಿನ್ನಹ

ಮಾನ್ಯ ಹಂಚಿಕೆ ಡಿಸ್ಕಿನವರೇ,

ನೀರು ಸರಬರಾಜು ಕಚೇರಿಯ ನೆಲಮಹಡಿಯಲ್ಲಿ, ಗಾಜಿನ ಬಾಗಿಲ ಹಿಂದೆ, ನಮಗ್ಯಾರಿಗೂ ಸಿಗದ ಎ.ಸಿ.ಯ ತಂಪಿನಲ್ಲಿ ಬಿಜಯಂಗೈದಿರುವ ತಮಗೆ ಎರಡನೇ ಮಹಡಿಯ ನಕ್ಷೆಗಾರನ ಗೌರವಪೂರ್ವಕ ವಂದನೆಗಳು. ಕಚೇರಿಯ ಅಷ್ಟೂ ಜನರ ಮೇಲ್ ತಮ್ಮ ಹೊಟ್ಟೆಯಲ್ಲೇ ಇರುವುದರಿಂದ ತಮಗೆ ತಿಳಿಯದ ಸಂಗತಿ ಇರಲಾರದು. ಆದರೂ ನನ್ನದೊಂದು ಸಣ್ಣ ಅಹವಾಲಿದೆ.

ಮೊದಲು ತಮ್ಮ ಸೇವೆಗೆ ಒಂದೇ ಮೇಲ್ ಸರ್ವರ್ ಇತ್ತು; ಏದುಸಿರು ಬಿಡುತ್ತ ಹೇಗೋ ಕೆಲಸ ಸಾಗಿಸುತ್ತಿತ್ತು. ವೇಗ ಸಾಲದೆಂದು ಮೇಲಿನವರು ಇನ್ನೂ ಮೂರನ್ನು ತಂದು ತಮಗೇ ಜೋಡಿಸಿದರು. ಅಂದಿನಿಂದ ಯಾವ ಸರ್ವರ್ ಯಾರ ಮೇಲ್ ಪೆಟ್ಟಿಗೆ ಮುಟ್ಟಬೇಕಾದರೂ ಉಳಿದ ಮೂವರ ಅಪ್ಪಣೆ ಪಡೆದು, ಬೀಗ ಹಾಕಿಕೊಂಡು, ಒಂದು ಮೇಲ್ ಇಟ್ಟು, ಬೀಗ ತೆಗೆದು, ಮುಂದಿನ ಮೇಲಿಗೆ ಮತ್ತೆ ಮೊದಲಿನಿಂದ ಅಪ್ಪಣೆ ಕೇಳುತ್ತದಂತೆ. "ಒಬ್ಬನೇ ಇದ್ದಾಗ ಯಾರನ್ನೂ ಕೇಳ್ಬೇಕಾಗಿರಲಿಲ್ಲ ಸಾರ್, ಈಗ ಕೇಳೋದ್ರಲ್ಲೇ ದಿನ ಹೋಗುತ್ತೆ" ಎಂದು ಕಂಪ್ಯೂಟರ್ ಶಾಖೆಯ ಎಂಜಿನಿಯರಮ್ಮ ವಿವರಿಸಿದಾಗ ನಾನು ಮನಸ್ಸಿನಲ್ಲೇ ತಮಗೆ ತಲೆಬಾಗಿದೆ. ಇಷ್ಟು ವಿನಯವನ್ನು ನಮ್ಮ ಕ್ಯಾಂಟೀನಿನ ಸಾಲಿನಲ್ಲಿ ನಾನು ಕಂಡದ್ದಿಲ್ಲ.

ನನ್ನ ಹೆಂಡತಿ ಇದೇ ಇಲಾಖೆಯವಳು, ಬೇರೊಂದು ಊರಿನ ಪಂಪ್‌ಹೌಸಿನಲ್ಲಿದ್ದಾಳೆ. ಮಗಳು ಅವಳ ಜೊತೆ. ನಿಮ್ಮಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ ಮಗಳು "ಫೋನಲ್ಲಿ" ಎನ್ನುತ್ತಾಳೆ. ಕಾದು ಕಾದು ಕೊನೆಗೆ ಆ ಊರಿನಲ್ಲೇ ನಕ್ಷೆಗಾರನ ಹುದ್ದೆ ಖಾಲಿಯಾಯಿತು. ವರ್ಗಾವಣೆಗೆ ನನ್ನ ಒಪ್ಪಿಗೆಯನ್ನು ಮೇಲ್ ಮೂಲಕವೇ, ಸೋಮವಾರ ಸಂಜೆಯೊಳಗೆ ಕಳಿಸಬೇಕೆಂಬ ಆದೇಶವೂ ಬಂತು. ಆ ಒಪ್ಪಿಗೆ ತಲುಪಬೇಕಾದ ಸಿಬ್ಬಂದಿ ಶಾಖೆ ಇರುವುದು ನನ್ನ ತಲೆಯ ಮೇಲೆಯೇ; ಅಲ್ಲಿನ ಗುಮಾಸ್ತರು ಕುರ್ಚಿ ಎಳೆದರೆ ನನ್ನ ಮೇಜಿಗೆ ಸುಣ್ಣ ಉದುರುತ್ತದೆ. ಸೋಮವಾರ ಬೆಳಿಗ್ಗೆ ಬಂದು ಕೂತ ತಕ್ಷಣ ಮೇಲ್ ಕಳಿಸಿದೆ. ಮಧ್ಯಾಹ್ನ ಮೆಟ್ಟಿಲು ಹತ್ತಿ ಹೋಗಿ, ಕಾಗದದಲ್ಲೇ ಕೊಡಲೇ ಎಂದು ಕೇಳಿದ್ದಕ್ಕೆ ಅವರು "ನೀವು ಎದುರಿಗೇ ನಿಂತಿದ್ದೀರಿ, ಸರಿ. ಆದ್ರೆ ಮೇಲ್ ಬಂದಿಲ್ವಲ್ಲ" ಎಂದರು.

ಮೇಲ್ ಬರುವುದಾದರೂ ಹೇಗೆ? ಶನಿವಾರವೇ ಕಂಪ್ಯೂಟರ್ ಶಾಖೆಯವರು "ಮೇಲ್ ನಿಧಾನವಾಗಿದೆ, ದಯವಿಟ್ಟು ಪದೇ ಪದೇ ತೆರೆದು ನೋಡಬೇಡಿ" ಎಂದು ಅಷ್ಟೂ ಸಿಬ್ಬಂದಿಗೆ ಮೇಲ್ ಮಾಡಿದ್ದರು. ಅದು ಬಂತೇ ಎಂದು ಎಲ್ಲರೂ ಪದೇ ಪದೇ ತೆರೆದು ನೋಡಿದರು. ಬಂದ ಮೇಲೆ ಶಿಸ್ತಿನ ಸಿಪಾಯಿಗಳಂತೆ ಒಬ್ಬೊಬ್ಬರೂ "ಆಯಿತು" ಎಂದು ಎಲ್ಲರಿಗೂ ಉತ್ತರ ಬರೆದರು. ಮುಖ್ಯ ಎಂಜಿನಿಯರರು "ಯಾರೂ ಎಲ್ಲರಿಗೂ ಉತ್ತರಿಸಬಾರದು" ಎಂದು ಎಲ್ಲರಿಗೂ ತಾಕೀತು ಮಾಡಿದರು. ಅದಕ್ಕೂ ಎಲ್ಲರೂ "ಆಯಿತು" ಎಂದರು. ತಾವು ಮೇಲು ಕೀಳೆನ್ನದೆ ಪ್ರತಿಯೊಂದು "ಆಯಿತು"ವನ್ನೂ ಪ್ರತಿಯೊಬ್ಬರ ಪೆಟ್ಟಿಗೆಯಲ್ಲಿ, ಅಪ್ಪಣೆ ಪಡೆದು, ಬೀಗ ಹಾಕಿ, ಬೀಗ ತೆಗೆದು ಇರಿಸಿದಿರಿ. ನನ್ನ ಒಪ್ಪಿಗೆ ಆ ಎಲ್ಲ ಆಯಿತುಗಳ ಹಿಂದೆ ನಿಂತಿತ್ತು.

ಅದು ಒಂದು ಮಹಡಿ ಹತ್ತುವಷ್ಟರಲ್ಲಿ ಮಂಗಳವಾರವಾಗಿತ್ತು. ಹುದ್ದೆ, ಆ ಊರನ್ನು ನಕ್ಷೆಯಲ್ಲಿ ಮಾತ್ರ ಕಂಡಿದ್ದ ಮಹನೀಯರೊಬ್ಬರ ಪಾಲಾಯಿತು. ಆ ನಕ್ಷೆ ಬರೆದವನೂ ನಾನೇ. ಅಂದು ನನಗೆ ಅಳು ಬಂತು. ಮೇಜಿನ ಮೇಲಿದ್ದ ಹಾಳೆ ಒದ್ದೆಯಾಗಬಾರದೆಂದು ಪಕ್ಕಕ್ಕೆ ಸರಿಸಿಟ್ಟೆ.

ಆದ್ದರಿಂದ ತಮ್ಮಲ್ಲಿ ಒಂದೇ ಪ್ರಾರ್ಥನೆ. ತಾವು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬೀಗ ತೆಗೆಯುವವರೆಗೂ, ಬೇರೆ ಯಾರೂ ಏನನ್ನೂ ಬದಲಿಸುವಂತಿಲ್ಲವಂತೆ. ಅಂಥದೊಂದು ಬೀಗವನ್ನು ನನ್ನ ಮಗಳಿಗೂ ಹಾಕಿಸಿ. ಮತ್ತೆ ಹುದ್ದೆ ಖಾಲಿಯಾಗಿ, ನನ್ನ ಒಪ್ಪಿಗೆ ಮೇಲಿನ ಮಹಡಿ ತಲುಪಿ, ನಾನು ಅವಳ ಮುಂದೆ ನಿಲ್ಲುವವರೆಗೆ ಅವಳು ಬೆಳೆಯದಂತೆ ನೋಡಿಕೊಂಡರೆ, ತಮ್ಮ ನಿಧಾನದ ಬಗ್ಗೆ ನನ್ನದು ಇನ್ಯಾವ ತಕರಾರೂ ಇಲ್ಲ.

ತಮ್ಮ ಸರದಿಯಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ನಕ್ಷೆಗಾರ

ಮರೆತ ಮಾತು: ಮಗಳ ಮೊದಲ ಹಲ್ಲು ಬಿದ್ದಿದೆ. ಹೆಂಡತಿಯ ಹಳೆಯ ಫೋನಿನಿಂದ ಫೋಟೋ ಕಳಿಸಲು ಬರುವುದಿಲ್ಲವಾದ್ದರಿಂದ ಅವಳು ಅದನ್ನು ಪಂಪ್‌ಹೌಸಿನ ಕಂಪ್ಯೂಟರಿನಿಂದ ನನಗೆ ಮೇಲ್ ಮಾಡಿದ್ದಾಳೆ. ಯಾವ ಹಲ್ಲು ಎಂದು ಮಗಳನ್ನು ಕೇಳಿದರೆ "ಫೋಟೋ ನೋಡಪ್ಪಾ, ಗೊತ್ತಾಗುತ್ತೆ" ಎಂದು ಫೋನಿಟ್ಟಳು. ಫೋಟೋ ಇನ್ನೂ ತಮ್ಮ ಬಳಿಯೇ ಇದೆ. ಬಿದ್ದ ಜಾಗದಲ್ಲಿ ಹೊಸ ಹಲ್ಲು ಆಗಲೇ ಮೂಡಿದೆಯಂತೆ. ಕಳಿಸಲು ಅವಸರವೇನಿಲ್ಲ. ನನಗಿಂತ ಮೊದಲು ನೋಡಿದವರು ತಾವು. ಬಿದ್ದದ್ದು ಮೇಲಿನದೋ ಕೆಳಗಿನದೋ, ಅಷ್ಟನ್ನಾದರೂ ತಿಳಿಸಿ.