ಕಾರಿಲ್ಲದ ಮಾಮಾನ ಕಾರುಶಾಸ್ತ್ರ

ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ಮಾಮಾನಷ್ಟು ಕಾರುಗಳನ್ನು ಸಾಕಿದವರು ಇನ್ನೊಬ್ಬರಿಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ. ಅವನ ಸ್ವಂತದ್ದು ಅಂತ ಇದ್ದದ್ದು ಒಂದು ಹಸಿರು ಸೈಕಲ್ಲು ಮಾತ್ರ, ಸ್ಟೇರಿಂಗನ್ನು ಅವನು ಅರವತ್ತು ವರ್ಷ ಕೈಯಿಂದ ಮುಟ್ಟಿರಲಿಲ್ಲ ಎಂಬುದೆಲ್ಲ ಬೇರೆ ಮಾತು! ಊರಿನಲ್ಲಿ ಯಾರೇ ಕಾರು ಕೊಳ್ಳಲಿ, ಓಡಿಸುವ ಕೆಲಸ ಅವರದು, ಚಿಂತೆ ಮಾಡುವ ಕೆಲಸ ನಮ್ಮ ಮಾಮಾನದು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಮಾಳಮಡ್ಡಿಯಲ್ಲಿ ಮನೆ, ಧಾರವಾಡದ ಒಂದು ಕಾಲೇಜಿನ ಲೈಬ್ರರಿಯಲ್ಲಿ ನೌಕರಿ. ಸುತ್ತ ಸಾವಿರಾರು ಪುಸ್ತಕಗಳಿದ್ದರೂ ಅವನ ಪ್ರೀತಿಯೆಲ್ಲ ಒಂದೇ ಜಾತಿಯ ಪುಸ್ತಕದ ಮೇಲೆ. ಹೊಸ ಕಾರಿನ ಜೊತೆ ಕಂಪನಿಯವರು ಒಂದು ಪುಸ್ತಕ ಕೊಡುತ್ತಾರಲ್ಲ, ಯಾರೂ ಬಿಚ್ಚಿ ನೋಡದೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಗೆದುಬಿಡುತ್ತಾರಲ್ಲ, ಅದು! ಅದನ್ನು ಅವನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದ. ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದ. ಖಾಕಿ ಕಾಗದದ ರಟ್ಟು ಹಾಕಿ ನಂಬರು ಬರೆದು ಹಿಂದಿರುಗಿಸುತ್ತಿದ್ದ.

ತೊಂಬತ್ತರ ದಶಕದ ಮೊದಲಲ್ಲಿ ಪಕ್ಕದ ಮನೆಯ ವಕೀಲರು ಒಂದು ಸಣ್ಣ ಕೆಂಪು ಕಾರು ತಂದರು. ಓಣಿಯೆಲ್ಲ ಸೇರಿತು. ಪೇಢಾ ಹಂಚಿದರು. ಒಬ್ಬರು ಬಣ್ಣ ಹೊಗಳಿದರು, ಇನ್ನೊಬ್ಬರು ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳಿದರು. ಮಾಮಾ ಪೇಢಾ ಬಾಯಿಗೆ ಹಾಕಿಕೊಳ್ಳದೆ ಕೇಳಿದ್ದು ಒಂದೇ ಮಾತು: "ವಕೀಲ್ರ, ಪುಸ್ತಕ ಎಲ್ಲದ?"

ಪಾಪ, ವಕೀಲರು ಕೊಟ್ಟುಬಿಟ್ಟರು. ಎಂಟು ದಿನಗಳ ಮೇಲೆ ಬೆಳಗಿನ ಆರು ಗಂಟೆಗೆ ಅವರ ಬಾಗಿಲು ಬಡಿದ ಸದ್ದಾಯಿತು. ಎದುರಿಗೆ ಮಾಮಾ, ಕೈಯಲ್ಲಿ ಗಾಳಿ ಅಳೆಯುವ ಮೀಟರು.

"ಟಾಯರಿನ ಗಾಳಿ ತಣ್ಣಗಿದ್ದಾಗ ನೋಡಬೇಕಂತ ಬರದಾರ್ರಿ. ಓಡಿದ ಮ್ಯಾಲೆ ನೋಡಿದ್ರ ಸುಳ್ಳ ಲೆಕ್ಕಾ ತೋರಸ್ತದ."

"ಟಾಯರು ತಣ್ಣಗs ಅದಾವ್ರಿ," ವಕೀಲರು ಕಣ್ಣು ಉಜ್ಜುತ್ತ ಹೇಳಿದರು, "ನನ್ನ ತಲಿನ ಬಿಸಿ ಆಗ್ಲಿಕತ್ತದ!"

ಆಯುಧಪೂಜೆಯಂದು ಇನ್ನೊಂದು ಪ್ರಸಂಗ. ವಕೀಲರ ಹೆಂಡತಿ ಕಾರಿನ ಮೂತಿ ಮುಚ್ಚುವ ಹಾಗೆ ಬಾಳೆಕಂದು ಕಟ್ಟಿ, ಮೇಲೆ ಚೆಂಡುಹೂವಿನ ಮಾಲೆ ಹಾಕಿದ್ದರು. ಮಾಮಾ ಪ್ರಸಾದಕ್ಕೆಂದು ಹೋದವನು ಅದನ್ನೆಲ್ಲ ಬಿಚ್ಚತೊಡಗಿದ. ರೇಡಿಯೇಟರಿಗೆ ಗಾಳಿ ಬೇಕಂತೆ! ಕಾರು ಉಸಿರುಗಟ್ಟಿ ಸಾಯುತ್ತದಂತೆ! ಆ ತಾಯಿ ತಣ್ಣಗೆ, "ರಾಯರ, ಗಾಡಿ ಇವತ್ತ ಎಲ್ಲೂ ಹೋಗೂದಿಲ್ರಿ, ಪೂಜಿ ಮುಗಿಯೂತನಾ ಉಸಿರ ಹಿಡಕೊಂಡಿರ್ತದ," ಎಂದರು. ಮಾಮಾನಿಗೆ ಕೋಸಂಬರಿ ಸಿಕ್ಕಿತೋ ಇಲ್ಲವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ.

ಗ್ಯಾರೇಜಿನ ಚಾಚಾನ ಪಾಡಂತೂ ಕೇಳಬೇಡಿ. ಹೊಸ ಯಲ್ಲಾಪುರದ ಕಡೆ ಗ್ಯಾರೇಜು ಇಟ್ಟುಕೊಂಡಿದ್ದ ಆತ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮನುಷ್ಯ. ಮಾಮಾ ಯಾರದೋ ಕಾರಿನ ಜೊತೆ ಹೋಗಿ ಎದುರಿಗೆ ಸ್ಟೂಲು ಹಾಕಿಕೊಂಡು, ಪುಸ್ತಕ ತೆರೆದು, ಯಾವ ಬೋಲ್ಟು ಎಷ್ಟು ಬಿಗಿಯಬೇಕೆಂದು ಓದಿ ಹೇಳುತ್ತಿದ್ದ. ಒಂದು ದಿನ ಚಾಚಾ ಬೋಲ್ಟು ತಿರುಗಿಸುವ ಪಾನಾ ಕೆಳಗಿಟ್ಟು ಕೈಮುಗಿದ.

"ಸಾಹೇಬ್ರ, ಮುಂದಿನ ಸರ್ತಿ ನೀವು ಬರೂಮುಂದ ಒಂದ ಫೋನ್ ಮಾಡ್ರಿ."

"ಯಾಕ, ತಯಾರಿ ಮಾಡಿಕೋಬೇಕೇನು?"

"ಹೌದ್ರಿ. ಶಟರ್ ಎಳಕೊಂಡು ಹೋಗಾಕ!"

ಹೀಗೆ ನಡೆದಿತ್ತು. ಎರಡು ಸಾವಿರದ ಎಂಟೊಂಬತ್ತರ ಸುಮಾರಿಗೆ ಹುಬ್ಬಳ್ಳಿಯ ಸಾವ್ಕಾರ ಕಾಕಾ ಒಂದು ಕಾರು ತರಿಸಿದರು ನೋಡಿ, ಮಾಮಾನ ಬದುಕು ಬದಲಾಯಿತು.

ಸಾವ್ಕಾರ ಕಾಕಾ ಹತ್ತಿ ವ್ಯಾಪಾರಿ. ಮಾಮಾನ ಜೊತೆ ಒಂದೇ ಬೆಂಚಿನಲ್ಲಿ ಕೂತು ಸಾಲಿ ಕಲಿತವರು. ಜಗತ್ತಿಗೆಲ್ಲ ಸಾವ್ಕಾರ್ರು, ಮಾಮಾನಿಗೆ ಮಾತ್ರ "ಲೇ". ಅವರು ತರಿಸಿದ್ದು ಪೆಟ್ರೋಲಿಗೂ ಓಡುವ, ಬ್ಯಾಟರಿಗೂ ಓಡುವ ಭಾರಿ ಐಷಾರಾಮಿ ಕಾರು. ಹೈಬ್ರಿಡ್ ಅಂತೆ! ನಮ್ಮ ಕಡೆ ಆಗ ಹೈಬ್ರಿಡ್ ಎಂದರೆ ಹತ್ತಿ ಬೀಜ, ಜೋಳದ ಬೀಜ. ಸುದ್ದಿ ಕೇಳಿದ ಅರ್ಧ ತಾಸಿನಲ್ಲಿ ಮಾಮಾ ನನ್ನನ್ನೂ ಎಳೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದ.

ಅಂಗಳದಲ್ಲಿ ಮುತ್ತಿನ ಬಣ್ಣದ ಕಾರು ನಿಂತಿತ್ತು. ಕಾಕಾ ಒಳಗೆ ಕೂತು ಒಂದು ಗುಂಡಿ ಒತ್ತಿದರು. ಮಾಮಾ ಬಾನೆಟ್ಟಿಗೆ ಕಿವಿ ಹಚ್ಚಿದ.

"ಚಾಲೂ ಆಗಿಲ್ಲಲೇ."

"ಆಗೇತಿ."

"ಆಗಿಲ್ಲೋ! ಸಪ್ಪಳಾನ ಇಲ್ಲ."

"ಅದs ಇದರ ಗಮ್ಮತ್ತು. ಸರೀ ಅತ್ಲಾಗ!"

ಕಾರು ಉಸಿರೂ ಬಿಡದೆ ನಾಲ್ಕು ಹೆಜ್ಜೆ ಮುಂದೆ ಬಂತು. ಮಾಮಾ ಹಿಂದೆ ಜಿಗಿದವನು ನೇರವಾಗಿ ತುಳಸಿಕಟ್ಟೆಯ ಮೇಲೆ ಕೂತ. ಕಾಕಾ ಸ್ಟೇರಿಂಗಿಗೆ ಹಣೆ ಬಡಿದುಕೊಂಡು ನಕ್ಕರು. ಅವರ ನಗು ಹಾಗೇ, ಮೂರು ಮನೆ ಆಚೆ ಕೇಳಿಸಬೇಕು. ಮಾಮಾ ಧೋತರ ಝಾಡಿಸಿಕೊಂಡು ಎದ್ದು ಕೈ ಚಾಚಿದ: "ಪುಸ್ತಕ ಕೊಡು."

ಐನೂರು ಪುಟದ ಪುಸ್ತಕ! ಮಾಮಾ ಹದಿನೈದು ದಿನ ರಜೆ ಹಾಕಿ ಓದಿದ. ಮಗಳ ಮದುವೆಗೆ ಅವನು ಹಾಕಿದ್ದು ಆರು ದಿನ ಎಂದು ಮಾಮಿ ಇಂದಿಗೂ ಹೇಳುತ್ತಾಳೆ. ಓದಿ ಮುಗಿದ ಮೇಲೆ ಉಪದೇಶ ಶುರುವಾಯಿತು. ಬ್ರೇಕನ್ನು ಗಕ್ಕನೆ ಒತ್ತಬಾರದು, ಮೆಲ್ಲಗೆ ಒತ್ತಿದರೆ ಆ ಶಕ್ತಿ ತಿರುಗಿ ಬ್ಯಾಟರಿಗೆ ಹೋಗುತ್ತದೆ. ಕಿತ್ತಳೆ ಬಣ್ಣದ ವಾಯರನ್ನು ಯಾರೂ ಮುಟ್ಟಬಾರದು, ಚಾಚಾನೂ ಕೂಡ. ಪೈಪು ಹಿಡಿದು ಇಂಜಿನ್ನಿನ ಮೇಲೆ ನೀರು ಹೊಡೆಯಬಾರದು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಹಿಂದಿನ ಸೀಟಿನ ಪಕ್ಕದ ಜಾಳಿಗೆ. ದೊಡ್ಡ ಬ್ಯಾಟರಿ ಅದರಿಂದಲೇ ಗಾಳಿ ಎಳೆದುಕೊಂಡು ತಣ್ಣಗಾಗುತ್ತದೆ, ಅದನ್ನು ಮುಚ್ಚಬಾರದು.

"ಲೇ, ನಾ ಕಾರ್ ತಂದೇನೋ ಸೊಸಿ ತಂದೇನೋ?" ಕಾಕಾ ಕೇಳಿದರು. "ಇಷ್ಟು ಸೂಕ್ಷ್ಮ ಇದ್ರ ಹೆಂಗಪಾ!"

ಮುಂದಿನ ಬೇಸಿಗೆಯಲ್ಲಿ ಕಾರು ಕೈಕೊಟ್ಟಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ, ಎಷ್ಟು ಒತ್ತಿದರೂ ಎತ್ತಿನಗಾಡಿಯ ವೇಗ. ದೂರದ ವರ್ಕ್‌ಶಾಪಿನವರಿಗೆ ಫೋನು ಮಾಡಿದರೆ, ಲಾರಿಯ ಮೇಲೆ ಹೇರಿ ಕಳಿಸಿ, ನೋಡೋಣ ಎಂದರು. ಲಾರಿ ಬರುವುದಕ್ಕೆ ಮೊದಲು ಮಾಮಾ ಬಂದ. ಹಿಂದಿನ ಸೀಟಿನಲ್ಲಿ ಕಾಕಾನ ಹೆಂಡತಿ ಕಾಕು ಹಾಸಿದ್ದ ಕಸೂತಿ ಕೌದಿ ತೆಗೆದ. ಜಾಳಿಗೆ ಬಿಚ್ಚಿದ. ಒಳಗೆ ನೋಡಿದರೆ ಏನಿರಬೇಕು? ಹತ್ತಿ! ಕಾಕಾ ದಿನಾ ಜಿನ್ನಿಂಗ್ ಫ್ಯಾಕ್ಟರಿಗೆ ಹೋಗಿ, ಮೈತುಂಬ ಅರಳೆ ಅಂಟಿಸಿಕೊಂಡು ಬಂದು ಕೂರುತ್ತಿದ್ದರಲ್ಲ, ಅದೆಲ್ಲ ಒಂದು ವರ್ಷದಿಂದ ಅಲ್ಲಿ ಜಮಾ ಆಗಿತ್ತು. ಮೆತ್ತನೆಯ ಬ್ರಷ್ಷಿನಿಂದ ತೆಗೆದು ತೆಗೆದು ಪತ್ರಿಕೆಯ ಮೇಲೆ ಗುಡ್ಡೆ ಹಾಕಿದ. ಸಂಜೆಗೆ ದೀಪ ಆರಿತು, ಕಾರು ಮೊದಲಿನಂತೆ ಓಡಿತು. ಮಾಮಾ ಆ ಹತ್ತಿಯನ್ನು ಗೆದ್ದ ಕಪ್ಪಿನಂತೆ ಮನೆಗೆ ತಂದ. ಮಾಮಿ ಬಿಡಿಸಿ ನೋಡಿ, "ಛಲೋ ಆತು, ಕಾರ್ತೀಕ ಮಾಸದ ಬತ್ತಿಗೆ ಸಾಕಾಗ್ತದ," ಎಂದಳು.

ಅದೇ ವರ್ಷ ಮಳೆಗಾಲದಲ್ಲಿ ಕಾಕಾನಿಗೆ ಲಕ್ವಾ ಹೊಡೆಯಿತು.

ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕುತ್ತಿದ್ದರು, ಆದರೆ ಹೊಸ್ತಿಲು ದಾಟಲೊಲ್ಲರು. ಸೊಟ್ಟಗಾದ ಬಾಯಿ ಯಾರೂ ನೋಡಬಾರದು ಅಂತ. ವ್ಯಾಪಾರದ ಗೆಳೆಯರು ಬಂದರೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದರು. ಮಾಮಾ ವಾರಕ್ಕೊಮ್ಮೆ ಹೋಗಿ ಮಂಚದ ಪಕ್ಕ ಸುಮ್ಮನೆ ಕೂತು ಬರುತ್ತಿದ್ದ. ಜೀವಮಾನವೆಲ್ಲ ಮಾತಾಡಿದವನಿಗೆ ಅಲ್ಲಿ ಮಾತು ಸಿಗುತ್ತಿರಲಿಲ್ಲ. ಸಿಕ್ಕಾಗ ಸಿಕ್ಕಿದ್ದು ಯಾವುದು ಗೊತ್ತೆ? ಒಂದು ದಿನ ಹೊರಡುವಾಗ ಕಾಕುಗೆ ಹೇಳಿದ: "ವೈನಿ, ಗಾಡಿ ಭಾಳ ದಿನಾ ನಿಲ್ಲಿಸಬಾರದ್ರಿ. ನಿಂತಲ್ಲೇ ನಿಂತ್ರ ಬ್ಯಾಟರಿ ಸಾಯ್ತದ."

ಕಾಕು ಸೆರಗಿನಿಂದ ಕೈ ಒರೆಸಿಕೊಂಡು ಅವನನ್ನು ನೋಡಿದರು.

"ಅಣ್ಣಾರ, ಮನಶ್ಯಾನ ನಿಂತ ಬಿಟ್ಟಾರ. ನಿಮಗ ಗಾಡಿ ಚಿಂತಿ ಏನ್ರಿ?"

ಮಾಮಾ ಬಸ್ಸು ಹತ್ತಿ ಧಾರವಾಡಕ್ಕೆ ಬಂದ. ಮರುದಿನ ಹೋಗಿ ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿದ.

ಅರವತ್ತು ತುಂಬಿದ ವಿದ್ಯಾರ್ಥಿ! ಕಲಿಸುವವನು ಮೊದಲ ದಿನವೇ ಜುಬಿಲಿ ಸರ್ಕಲ್ಲಿಗೆ ಕರೆದೊಯ್ದ. ನಟ್ಟ ನಡುವೆ ಗಾಡಿ ನಿಂತಿತು. "ಅಜ್ಜಾರ, ಕ್ಲಚ್ ಬಿಡ್ರಿ," ಎಂದ. ಮಾಮಾ ಬಿಡಲಿಲ್ಲ. ಬದಲಿಗೆ, ಕ್ಲಚ್ಚಿನ ಒಳಗೆ ತಟ್ಟೆಗಳು ಹೇಗೆ ಕೂಡುತ್ತವೆ, ಹೇಗೆ ಬಿಡುತ್ತವೆ ಎಂದು ವಿವರಿಸತೊಡಗಿದ. ಕಲಿಸುವವನು ಸಮಾಧಾನದಿಂದ ಪೂರ್ತಿ ಕೇಳಿ ಹೇಳಿದ: "ಅಜ್ಜಾರ, ನೀವು ಹೇಳೂದೆಲ್ಲಾ ಖರೇನ ಐತ್ರಿ. ಆದ್ರ ಅದು ನಮ್ಮ ಹಿಂದಿನ ಬಸ್ಸಿನವ್ಗ ಗೊತ್ತಿಲ್ಲ!"

ಎರಡು ಸಲ ಪರೀಕ್ಷೆಯಲ್ಲಿ ಫೇಲಾದ. ಪುಸ್ತಕದಲ್ಲಿ ಇಲ್ಲದ್ದು ಬಹಳ ಇದೆ ಎಂದು ಅವನು ಒಪ್ಪಿಕೊಂಡದ್ದು ಆಗಲೇ. ಮೂರನೆಯ ಸಲ ಪಾಸಾದ. ಲೈಸೆನ್ಸು ಹಿಡಿದು ನೇರ ಹುಬ್ಬಳ್ಳಿಗೆ ಹೋದ, ಜೊತೆಗೆ ನಾನೂ ಇದ್ದೆ. ಮಂಚದ ಹತ್ತಿರ ನಿಂತು ಗೋಡೆಯ ಕಡೆ ತಿರುಗಿದ ಬೆನ್ನಿಗೆ ಹೇಳಿದ:

"ಲೇ, ನಿನ್ನ ಗಾಡಿ ಹೊರಗ ತಗೀಬೇಕಾಗೇದ. ಒಬ್ಬಂಗ ಓಡಸಲಿಕ್ಕೆ ಅಂಜಿಕಿ ಬರ್ತದ. ಬಾಜೂಕ ಕೂಡು ಬಾ."

ಮಾಮಾನ ಬಾಯಿಂದ ಅಂಜಿಕೆ ಎಂಬ ಶಬ್ದ ನಾನು ಕೇಳಿದ್ದು ಅದೇ ಮೊದಲು. ಕಾಕಾನಿಗೂ ಅದೇ ಮೊದಲಿರಬೇಕು. ಮೆಲ್ಲಗೆ ಈ ಕಡೆ ಹೊರಳಿದರು. ಆಮೇಲೆ ಎಡಗೈ ಊರಿ ಏಳಲು ನೋಡಿದರು.

ಅಲ್ಲಿಂದ ಪ್ರತಿ ರವಿವಾರ ಸವಾರಿ. ಮಾಮಾ ಕಾಕಾನನ್ನು ಎಡಗಡೆ ಕೂರಿಸಿ, ಬಿದ್ದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟು, ಆಮೇಲೆ ಬೆಲ್ಟು ಹಾಕುತ್ತಿದ್ದ. ಉಣಕಲ್ ಕೆರೆಯವರೆಗೆ ಆಮೆಯ ನಡಿಗೆಯಲ್ಲಿ ಹೋಗುವುದು, ಏರಿಯ ಹತ್ತಿರ ಗಾಜು ಇಳಿಸಿ ಗಾಳಿ ಕುಡಿಯುವುದು, ತಿರುಗಿ ಬರುವುದು. ಅದರಾಚೆ ಲಾರಿಗಳ ಹಾವಳಿ, ಮಾಮಾನಿಗೆ ಧೈರ್ಯವಿರಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು. ಮಾಮಾ ಒಬ್ಬನೇ ಮಾತಾಡುತ್ತಿದ್ದ, ಕಾಕಾ ಹೊರಗೆ ನೋಡುತ್ತಿದ್ದರು.

ಒಂದು ರವಿವಾರ ನಾನು ಹಿಂದಿನ ಸೀಟಿನಲ್ಲಿದ್ದೆ. ಕೆರೆ ಬಂತು. ಮಾಮಾ ತಿರುಗಿಸಲೆಂದು ಇಂಡಿಕೇಟರ್ ಹಾಕಿದ.

"ಮುಂ... ದ."

ಮಾಮಾ ತಿರುಗಿ ನನ್ನನ್ನು ನೋಡಿದ. ನಾನಲ್ಲ ಎಂದು ತಲೆಯಾಡಿಸಿದೆ.

"ಮುಂದ," ಎಂದರು ಕಾಕಾ ಮತ್ತೊಮ್ಮೆ, ಎಡಗೈಯಿಂದ ಧಾರವಾಡದ ರಸ್ತೆ ತೋರಿಸಿ.

ಮಾಮಾ ಇಂಡಿಕೇಟರ್ ಬಂದ್ ಮಾಡಿದ. ಎರಡೂ ಕೈಯಿಂದ ಸ್ಟೇರಿಂಗ್ ಅವಚಿಕೊಂಡು ಮುಂದೆ ಹೊರಟ. ನವನಗರ ದಾಟಿತು, ರಾಯಾಪುರ ದಾಟಿತು, ಲಾರಿಗಳು ಹಾರ್ನು ಹೊಡೆದು ಬೈದು ಮುಂದೆ ಹೋದವು. ಗಕ್ಕನೆ ಬ್ರೇಕು ಒತ್ತಿದ, ತಗ್ಗಿನಲ್ಲಿ ಧಡ್ ಎಂದು ಇಳಿಸಿದ, ಮಾಳಮಡ್ಡಿಯ ಮನೆಯ ತಿರುವಿನಲ್ಲಿ ಕಲ್ಲಿನ ಗೋಡೆಗೆ ಉಜ್ಜಿ ಒಂದು ಬದಿಯ ಮುತ್ತಿನ ಬಣ್ಣವೆಲ್ಲ ಕೆರೆದುಹೋಯಿತು.

ಸಪ್ಪಳ ಕೇಳಿ ಮಾಮಿ ಹೊರಗೆ ಓಡಿ ಬಂದಳು. ಮಾಮಾನ ಅಂಗಿ ಬೆವರಿನಿಂದ ತೊಯ್ದಿತ್ತು, ಕಣ್ಣು ಕೆಂಪಾಗಿದ್ದವು.

"ಅಯ್ಯ, ಗಾಡಿಗೆ ಏನಾತ್ರೀ?"

"ಗಾಡಿ ಹಾಳಾಗಿ ಹೋಗ್ಲಿ!" ಎಂದ ನಮ್ಮ ಮಾಮಾ. "ಇಂವ ಮಾತಾಡಿದಾ!"