ಹ್ಯಾಂಗೂ ಹೊಂಟೀರಲ್ಲ

ಕಲಬುರಗಿಯ ಗಾಜಿಪುರದ ಆ ಓಣಿಯಿಂದ ಖಾಲಿ ಕೈಯಲ್ಲಿ ಊರಿಗೆ ಹೊರಡುವುದೆಂದರೆ ತಲೆಬಾಗಿಲು ತೆರೆದಿಟ್ಟು ಮಲಗಿದಷ್ಟೇ ಅಪಾಯದ ಕೆಲಸ. ಯಾರಾದರೂ ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿದರೆ ಸಾಕು, "ಹ್ಯಾಂಗೂ ಹೊಂಟೀರಲ್ಲ" ಎನ್ನುತ್ತ ಇಡೀ ಓಣಿ ಹೊಸ್ತಿಲು ದಾಟುತ್ತದೆ. ಹೀಗೆ ಹೊರಟವರ ಕೈಯಲ್ಲಿ ಉಪ್ಪಿನಕಾಯಿ ಹುಮನಾಬಾದಿಗೆ ಹೋಗಿದೆ, ಮಿಕ್ಸರ್ ಆಳಂದಕ್ಕೆ ಹೋಗಿದೆ, ಒಂದು ತೊಟ್ಟಿಲಂತೂ ಕೂಸಿಗಿಂತ ಎರಡು ದಿನ ಮೊದಲೇ ಸೇಡಂ ಮುಟ್ಟಿದೆ. ಕೊಟ್ಟವರು ಯಾರು, ಒಳಗೇನಿದೆ ಎಂದು ಒಯ್ಯುವವನು ಕೇಳುವುದಿಲ್ಲ. ಎಲ್ಲಿ ಇಳಿಸಬೇಕೆಂದು ಗೊತ್ತಿದ್ದರೆ ಆಯಿತು.

ಈ ಪದ್ಧತಿಗೆ ಓಣಿಯಲ್ಲಿದ್ದ ಒಬ್ಬನೇ ವೈರಿ ವಿವೇಕಾನಂದ. ನಂದೂರಿನ ದಾಲ್ ಮಿಲ್ಲೊಂದರಲ್ಲಿ ತೂಕದ ಗುಮಾಸ್ತ. ವಾರವಿಡೀ ಬೇರೆಯವರ ಭಾರ ಬರೆದುಕೊಳ್ಳುವವನಿಗೆ ರಜೆಯ ದಿನ ಅದನ್ನು ಹೊರುವುದು ಸೇರುತ್ತಿರಲಿಲ್ಲ. ಹೆಸರಿನಲ್ಲಿದ್ದ ಎರಡೂ ಅವನಿಗೆ ಜೊತೆಯಾಗಿ ಒದಗಿದ್ದು ಕಡಿಮೆ. ಆನಂದ ಬಂದ ದಿನ ವಿವೇಕ ರಜೆ ಹಾಕುತ್ತಿತ್ತು.

ಆದರೆ ಈ ಸಲದ್ದು ಅವನದೇ ಭಾರ. ನಾದಿನಿ ಸೌಂದರ್ಯಾಳ ನಿಶ್ಚಯ ಕಮಲಾಪುರದಲ್ಲಿ, ಮಧ್ಯಾಹ್ನ ಎರಡಕ್ಕೆ ಸರಿಯಾಗಿ. ಆ ಮನೆಯ ರೂಢಿಯಂತೆ ಮೊದಲ ಉಡಿ ತುಂಬುವುದು ಅಕ್ಕನ ಮನೆಯವರು. ಅದಾಗುವ ತನಕ ಗಂಡಿನ ಕಡೆಯವರು ತಂದ ಸೀರೆ ತಟ್ಟೆಯಲ್ಲೇ ಕಾಯಬೇಕು. ಹೆಂಡತಿ ಶೀಲಾ ನಾಲ್ಕು ದಿನ ಮೊದಲೇ ತವರಿಗೆ ಹೋಗಿದ್ದಳು. ಉಡಿಗೆ ಇಡುವ ಸೀರೆ ಮಾತ್ರ ಕುಚ್ಚು ಕಟ್ಟುವವಳ ಹತ್ತಿರ ಉಳಿದಿತ್ತು. "ನೀವೇ ಕೈಯಾಗ ಹಿಡಕೊಂಡು ಬರ್ರಿ. ಯಾರ ಕೈಯಾಗೂ ಕೊಡಬ್ಯಾಡ್ರಿ" ಎಂದು ಆಕೆ ಹೋಗುವಾಗ ಎರಡು ಸಲ, ಹೋದ ಮೇಲೆ ದಿನಕ್ಕೊಂದು ಸಲ ಹೇಳಿದ್ದಳು.

ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು ಎಲ್ಲ ಸೇರಿ ಐದು ಕಿಲೋ ಆಯಿತು. ಮಿಲ್ಲಿನಲ್ಲಿ ಕ್ವಿಂಟಲ್ ಲೆಕ್ಕ ಹಾಕುವವನಿಗೆ ಐದು ಕಿಲೋ ಬೆಟ್ಟದಂತೆ ಕಂಡಿತು. ಹಿಂದಿನ ಸಂಜೆ ಟೆಂಪೋ ಜಾವೀದ್ ಕಣ್ಣಿಗೆ ಬಿದ್ದ. ದಿನಾ ಬೆಳಿಗ್ಗೆ ಕೆಂಪು ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೋಗುವವನು ಅವನು.

"ಜಾವೀದ್, ಹ್ಯಾಂಗೂ ಹೊಂಟೀಯಲ್ಲ," ಎಂದ ವಿವೇಕಾನಂದ. ಹುಟ್ಟಿದಾಗಿನಿಂದ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅಂಗಡಿಯ ಮಿರಿಮಿರಿ ಕೆಂಪು ಕೈಚೀಲ ಜಾವೀದನ ಸೀಟಿನ ಪಕ್ಕ ಕೂತಿತು. ಎಂಟು ಗಂಟೆಗೆಲ್ಲ ಮಾವನ ಮನೆಯ ಬಾಗಿಲಿಗೇ ಮುಟ್ಟಿಸುವುದೆಂದು ಮಾತಾಯಿತು.

ಮರುದಿನ ಒಂಬತ್ತಕ್ಕೆ ವಿವೇಕಾನಂದ ಇಸ್ತ್ರಿ ಅಂಗಿ ತೊಟ್ಟು, ಎರಡೂ ಕೈ ಬೀಸಿಕೊಂಡು, ಚುನಾವಣೆ ಗೆದ್ದವನ ಹಾಗೆ ಓಣಿಗೆ ಇಳಿದ. ಹತ್ತು ಹೆಜ್ಜೆಗೆ ಆ ಗೆಲುವು ಮುಗಿಯಿತು. ಮೊದಲು ಲಲಿತಾಬಾಯಿ ಕಮಲಾಪುರದ ಮಗಳಿಗೆಂದು ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ಕೊಟ್ಟರು. ನೆಟ್ಟಗೆ ಹಿಡಿಯಬೇಕು, ಎಣ್ಣೆ ಸೋರುತ್ತದೆ ಎಂದು ಎಚ್ಚರಿಕೆಯನ್ನೂ ಕೊಟ್ಟರು. ಓಣಿಯ ತುದಿಯಲ್ಲಿ, ಎಲ್ಲರಿಗೂ ಚಿಕ್ಕಮ್ಮನಂತಿದ್ದ ಮಸ್ತಾನಬಿ ಒಂದು ತೊಗರಿ ಚೀಲ ಹಿಡಿದು ನಿಂತಿದ್ದಳು. ಬಾಯಿ ಹೊಲಿದ ಚೀಲ.

"ವಿವೇಕಾ, ಹ್ಯಾಂಗೂ ಹೊಂಟೀಯಲ್ಲ ಬೇಟಾ. ಕಮಲಾಪುರ ಸ್ಟ್ಯಾಂಡಿನಾಗ ಬಂದೇನವಾಜನ ಬಾಳೆಹಣ್ಣಿನ ಅಂಗಡ್ಯಾಗ ಇಡು."

"ಏನದ ಖಾಲಾ ಇದರಾಗ?"

"ನನಗೇನ್ ಗೊತ್ತಪಾ. ಯಾರೋ ಕೊಟ್ಟಾರ, ಯಾರೋ ತಗೋತಾರ. ನಡುವ ನಾವಿದ್ದೀವಿ."

ವಿವೇಕಾನಂದ ಚೀಲ ಎತ್ತಿ ನೋಡಿದ. ಹದಿನೈದು ವರ್ಷ ತಕ್ಕಡಿಯ ಮುಂದೆ ಕೂತ ಕೈ ಅದು. ಐದು ಕಿಲೋ, ನೂರು ಗ್ರಾಂ ಆಚೆ ಈಚೆ. ಮೂಸಿದ: ತೊಗರಿಯ ಧೂಳು. ಬಾಯಿಯ ಹೊಲಿಗೆ ಮಿಲ್ಲಿನ ಮಷೀನಿನದು. ಒಳಗಿರುವುದು ತೊಗರಿಬೇಳೆ ಎಂದು ಪರಿಣತನ ಗತ್ತಿನಲ್ಲಿ ತೀರ್ಮಾನಿಸಿ ಹೆಗಲಿಗೇರಿಸಿದ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಇನ್ನು ಕೂರುವ ಮಾತೆಲ್ಲಿ? ಚೀಲವನ್ನು ಇಂಜಿನ್ನಿನ ಪಕ್ಕ ಇಟ್ಟು, ಅದರ ಮೇಲೆ ತಾನು ಕೂತು, ತೊಡೆಯ ಮೇಲೆ ಭರಣಿ ಕೂರಿಸಿಕೊಂಡ. ಚೀಲ ಅಲ್ಲಲ್ಲಿ ಚುಚ್ಚುತ್ತಿತ್ತು. ಯಾವ ಮಿಲ್ಲಿನವರೋ ಬೇಳೆ ಸರಿಯಾಗಿ ಒಡೆದಿಲ್ಲ ಎಂದು ಗೊಣಗುತ್ತ, ಮಗ್ಗುಲು ಬದಲಿಸಿ ಬದಲಿಸಿ ಕೂತ. ಬಸ್ಸು ಊರು ದಾಟುವಷ್ಟರಲ್ಲಿ ಶೀಲಾಳ ಫೋನು ಬಂತು. ಉಡಿಯ ಸಾಮಾನು ಎಲ್ಲಿ ಎಂದು ಕೇಳಿದಳು.

ಎಂಟಕ್ಕೇ ಬಾಗಿಲಿಗೆ ಮುಟ್ಟಬೇಕಿದ್ದ ಕೆಂಪು ಕೈಚೀಲ ಹತ್ತಾದರೂ ಮುಟ್ಟಿಲ್ಲ.

"ನನ್ನ ಹತ್ರಾನ ಅದ," ಎಂದ.

"ಕೈಯಾಗ ಹಿಡದೀರಿಲ್ಲೋ?"

"ಹಿಡದೀನಿ ಅಂದ್ರ? ಅದರ ಮ್ಯಾಲೆ ಕೂತೀನಂತ ತಿಳಿ."

ಅಂದು ಅವನು ಆಡಿದ ಅತಿ ದೊಡ್ಡ ಸುಳ್ಳು ಅದೆಂದು ಅವನೇ ನಂಬಿದ್ದ.

ಕೂಡಲೇ ಜಾವೀದನಿಗೆ ಫೋನು ಹಚ್ಚಿದ. ಜಾವೀದ್ ಸೇಡಂ ರಸ್ತೆಯಲ್ಲಿದ್ದ. ನಸುಕಿಗೇ ಬೇರೆ ಬಾಡಿಗೆ ಬಂದಿತ್ತಂತೆ. "ಫಿಕರ್ ಮಾಡಬ್ಯಾಡ್ರಿ ವಿವೇಕ ಭಾಯ್, ಭದ್ರ ಮಾಡಿ ಆಟೋ ಸಿಕಂದರನ ಕೈಯಾಗ ಕೊಟ್ಟೀನಿ. ಅಂವ ಹ್ಯಾಂಗೂ ಸ್ಟ್ಯಾಂಡಿನ ಕಡಿ ಹೊಂಟಿದ್ದ." ಸಿಕಂದರನಿಗೆ ಏಳು ಸಲ ಫೋನು ಮಾಡಿದರೂ ಎತ್ತಲಿಲ್ಲ. ಮಹಾಗಾಂವ ಬಂತು, ಹೋಯಿತು. ವಿವೇಕಾನಂದನ ಇಸ್ತ್ರಿ ಅಂಗಿ ಬೆವರಿನಲ್ಲಿ ನೆನೆಯಿತು, ಭರಣಿಯ ಎಣ್ಣೆಯೂ ಅದಕ್ಕೆ ತನ್ನ ಕಾಣಿಕೆ ಸಲ್ಲಿಸಿತು.

ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಂದೇನವಾಜನ ಅಂಗಡಿಯೆಂದರೆ ಅರ್ಧ ಬಾಳೆಹಣ್ಣು, ಅರ್ಧ ಅಂಚೆ ಕಚೇರಿ. ಗೊನೆಗಳ ಕೆಳಗೆ ಊರವರ ಡಬ್ಬಿ, ಗಂಟು, ಪುಟ್ಟಿ ಎಲ್ಲ ವಾರಸುದಾರರಿಗಾಗಿ ಕಾಯುತ್ತಿದ್ದವು. ವಿವೇಕಾನಂದ ಭರಣಿಯನ್ನೂ ಚೀಲವನ್ನೂ ಧೊಪ್ಪನೆ ಇಳಿಸಿ, ಉಳಿದ ಗಂಟುಗಳನ್ನೆಲ್ಲ ಕೆದಕತೊಡಗಿದ. ಸಿಕಂದರ್ ಯಾವುದಾದರೂ ಮುಂಚಿನ ಬಸ್ಸಿಗೆ ಹಾಕಿದ್ದರೆ ಇಲ್ಲೇ ಬಂದಿರಬೇಕಲ್ಲ? ಕೆಂಪು ಕೈಚೀಲ ಎಲ್ಲೂ ಇರಲಿಲ್ಲ. ಹುಡುಕಾಟದಲ್ಲಿ ತೊಗರಿ ಚೀಲ ಎರಡು ಸಲ ಕಾಲಿಗೆ ತೊಡರಿತು, ಎರಡು ಸಲವೂ ಒದೆ ತಿಂದಿತು.

ಬಂದೇನವಾಜ್ ಚೀಲ ತಿರುಗಿಸಿ ನೋಡಿದ. "ಇದು ಯಾರ್ದು ಸಾಹೇಬ್ರೆ? ಹೆಸರಿಲ್ಲ, ದೆಸಿ ಇಲ್ಲ. ಇಂಥಾದು ಬರ್ತದಂತ ನನಗ ಯಾರೂ ಹೇಳಿಲ್ಲ. ವಾರಸಿಲ್ಲದ ಮಾಲು ನಾ ಇಟ್ಕೊಳ್ಳಂಗಿಲ್ಲ."

ಊರವರ ಸಾಮಾನೆಲ್ಲ ಸರಿಯಾಗಿ ಬಂದು ತನ್ನದೊಂದೇ ಕಳೆದುಹೋದ ಸಿಟ್ಟು ಒಳಗೆ ಕುದಿಯುತ್ತಿತ್ತು. ಎದುರಿಗೆ ಕಲಬುರಗಿಯ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ವಿವೇಕಾನಂದ ಚೀಲವನ್ನು ಎತ್ತಿ ಕಂಡಕ್ಟರನ ಕಾಲಬುಡಕ್ಕೆ ದಬ್ಬಿದ.

"ಇದನ್ನ ಗಾಜಿಪುರದ ಮಸ್ತಾನಬಿಗೆ ವಾಪಸ್ ಮುಟ್ಟಸ್ರಿ. ಹ್ಯಾಂಗೂ ಹೊಂಟೀರಲ್ಲ."

ಬಸ್ಸು ಹೋಯಿತು. ಒಂದು ಭಾರ ಇಳಿಯಿತೆಂದು ಅವನು ನಿಟ್ಟುಸಿರು ಬಿಟ್ಟು, ಮಾವನ ಮನೆಗೆ ಹೇಳಬೇಕಾದ ಮುಂದಿನ ಸುಳ್ಳನ್ನು ಹೊಂದಿಸಿಕೊಳ್ಳುತ್ತ ಹೊರಟ. ಇಪ್ಪತ್ತು ಹೆಜ್ಜೆ ನಡೆದಿರಬೇಕು, ಸಿಕಂದರನ ಫೋನು ಬಂತು.

"ಆಟೋ ಓಡಸಾಕತ್ತಿದ್ದೆ ಅಣ್ಣಾ, ಎತ್ತಲಿಲ್ಲ. ಆ ಸೀರಿ ಸಾಮಾನು ಏನೂ ಆಗಿಲ್ಲ. ಧೂಳು ಹತ್ತಬಾರ್ದಂತ ಜಾವೀದ್ ಅದನ್ನ ತೊಗರಿ ಚೀಲದಾಗ ಹಾಕಿ ಬಾಯಿ ಹೊಲಿಸಿದ್ದ. ನಾ ಅದನ್ನ ಮಸ್ತಾನಬಿ ಖಾಲಾಗ ಕೊಟ್ಟೆ. ನಿಮ್ಮ ಓಣ್ಯಾಗ ಯಾವನೋ ಒಬ್ಬ ಹ್ಯಾಂಗೂ ಕಮಲಾಪುರಕ್ಕ ಹೊಂಟಿದ್ದನಂತ. ಅವನ ಹೆಗಲಿಗೆ ಹೊರಿಸ್ಯಾಳ."

ವಿವೇಕಾನಂದ ನಿಂತಲ್ಲೇ ತನ್ನ ಹೆಗಲು ಮುಟ್ಟಿ ನೋಡಿಕೊಂಡ. ಅಲ್ಲಿ ತೊಗರಿಯ ಧೂಳು ಇನ್ನೂ ಇತ್ತು.

ಆಮೇಲೆ ಅವನು ಬಂದೇನವಾಜನ ಅಂಗಡಿಯ ಮುಂದೆ ಸೀರೆ, ಚೀಲ, ಬಸ್ಸು ಎಂದು ಮೂರು ಶಬ್ದ ಕೂಗುತ್ತ ಓಡಿದ್ದನ್ನು ಊರು ನೋಡಿತು. ಕಲಬುರಗಿಗೆ ಹೊರಡುತ್ತಿದ್ದ ಕ್ರೂಸರ್ ಜೀಪೊಂದಕ್ಕೆ ಹಾರಿ ಹತ್ತಿದ. ಹತ್ತು ಜನರ ಗಾಡಿಯಲ್ಲಿ ಹತ್ತೊಂಬತ್ತನೆಯವನಾಗಿ, ಹಿಂದಿನ ಸೀಟಿನಲ್ಲಿ ಉಪ್ಪಿನಕಾಯಿಯ ಹೋಳಿನಂತೆ ಒತ್ತಿಕೊಂಡು ಕೂತ. ಮಗ್ಗುಲಿನ ಅಜ್ಜಿ, ಹೇಗೂ ಕೂತಿದ್ದೀಯಲ್ಲ ಎಂದು ಒಂದು ಬುಟ್ಟಿ ಬಾಳೆಹಣ್ಣು ಅವನ ತೊಡೆಯ ಮೇಲೇರಿಸಿದಳು. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೈ ಹೋಗಲು ದಾರಿಯಿರಲಿಲ್ಲ. ಇದ್ದರೂ ಶೀಲಾಳದೆಂದು ಹೆದರಿ ಅವನು ಎತ್ತುತ್ತಿರಲಿಲ್ಲ.

ಮಹಾಗಾಂವ ಕ್ರಾಸಿನಲ್ಲಿ ಕ್ರೂಸರ್ ಗಕ್ಕನೆ ನಿಂತಿತು. ಬುಟ್ಟಿಯ ಹಿಂದಿನಿಂದ ವಿವೇಕಾನಂದ, ಯಾಕೆ ನಿಂತಿತೆಂದು ಕೂಗಿದ.

"ಎರಡು ಬಸ್ ಮಗ್ಗಲಕ್ಕ ಮಗ್ಗಲಾ ನಿಂತಾವ್ರಿ," ಎಂದ ಡ್ರೈವರ್. "ಕಿಡಕ್ಯಾಗಿಂದ ಕಿಡಕಿಗೆ ಏನೋ ಚೀಲ ದಾಟಸಾಕತ್ತಾರ."

"ಈ ಮಂದಿ ಉದ್ಧಾರ ಆಗಂಗಿಲ್ಲ ನೋಡು. ಹಾರ್ನ್ ಹೊಡಿ, ಬಿಡಬ್ಯಾಡ."

ಡ್ರೈವರ್ ಮನಸಾರೆ ಹಾರ್ನ್ ಹೊಡೆದ. ವಿವೇಕಾನಂದ ಬಾಯಿಂದಲೂ ಒಂದಿಷ್ಟು ಹೊಡೆದ. ಬಸ್ಸುಗಳು ದಾರಿ ಬಿಟ್ಟವು. ಒಂದು ಕಲಬುರಗಿಗೆ, ಒಂದು ಕಮಲಾಪುರಕ್ಕೆ. ಮುಂದೆ ಕ್ರೂಸರ್ ಹೊಲಕ್ಕೊಂದು ಕಡೆ ನಿಂತು, ಟೈರಿಗೆ ಗಾಳಿ ಹಾಕಿಸಿಕೊಂಡು, ಎರಡಕ್ಕೆ ಹತ್ತು ನಿಮಿಷ ಇರುವಾಗ ಅವನನ್ನು ಕಲಬುರಗಿಯಲ್ಲಿ ಉದುರಿಸಿತು. ಸ್ಟ್ಯಾಂಡಿನಲ್ಲಿ ಆ ಬಸ್ಸು ಖಾಲಿ ನಿಂತಿತ್ತು. ಕಂಡಕ್ಟರ್ ಚಹಾ ಕುಡಿಯುತ್ತಿದ್ದ.

"ಆ ಚೀಲಾ? ಬಂದೇನವಾಜ್ ಫೋನ್ ಮಾಡಿದ್ದ. ಯಾವನೋ ತನ್ನ ಮಾಲು ತಾನೇ ವಾಪಸ್ ಕಳಿಸ್ಯಾನಂತ," ಎಂದು ನಕ್ಕ. "ಮಹಾಗಾಂವದಾಗ ಎದುರಿನ ಬಸ್ಸಿಗೆ ದಾಟಿಸಿದೆ. ಅದು ಹ್ಯಾಂಗೂ ಕಮಲಾಪುರಕ್ಕ ಹೊಂಟಿತ್ತು. ನಿಮ್ಮಂಥಾವ್ನು ಯಾವನೋ ಹಿಂದಿಂದ ಒಂದೇ ಸಮ ಹಾರ್ನ್ ಹೊಡದ್ನೋಡ್ರಿ, ಇನ್ನೊಂದೀಟಿಗೆ ಕೈತಪ್ಪಿ ಬೀಳ್ತಿತ್ತು."

ಎರಡು ಗಂಟೆ ದಾಟುತ್ತಿದ್ದಂತೆ ಫೋನು ಬಂತು. ಆ ಕಡೆ ಹೆಂಗಸರು ಹಾಡುತ್ತಿದ್ದರು.

"ಉಡಿ ತುಂಬಿದ್ವಿ," ಎಂದಳು ಶೀಲಾ. ದನಿ ತಣ್ಣಗಿತ್ತು, ತಣ್ಣಗಿದ್ದರೆ ಹೆಚ್ಚು ಅಪಾಯವೆಂದು ಅವನಿಗೆ ಗೊತ್ತಿತ್ತು. "ನಿಶ್ಚಯ ಯಾರ ಮನ್ಯಾಗ ಅಂತ ಊರಿಗೇ ಗೊತ್ತಲ್ಲ, ಬಂದೇನವಾಜ್ ಮಾಮು ತಾವೇ ತಂದು ಮುಟ್ಟಿಸ್ಯಾರ. ಸೀರಿ ಚೊಲೊ ಅದ ಅಂದ್ರು ಎಲ್ಲಾರೂ. ಅಕ್ಕಿ ಮಾತ್ರ ಒಂದೀಟು ನುಚ್ಚಾಗ್ಯಾವ, ಉತ್ತತ್ತಿ ಚಪ್ಪಟಿ ಆಗ್ಯಾವ. ಯಾರೋ ಮ್ಯಾಲೆ ಕೂತಂಗ."

"ನಾ ಹೇಳಿದ್ದೆನಲ್ಲ," ಎಂದ ವಿವೇಕಾನಂದ ಮೆಲ್ಲಗೆ.

"ಫೋಟೋಕ್ಕ ದೊಡ್ಡ ಅಳಿಯಾ ಎಲ್ಲಿ ಅಂತ ಬೀಗರು ಕೇಳಾಕತ್ತಾರ. ಎಲ್ಲಿದ್ದೀರಿ?"

"ಕಲಬುರಗಿ ಸ್ಟ್ಯಾಂಡಿನಾಗ."

ಆ ಕಡೆ ಹಾಡಿನ ಸದ್ದು ದೂರವಾಯಿತು, ಶೀಲಾ ಹೊರಗೆ ಬಂದಿದ್ದಳು.

"ಅಲ್ಲೇ ಇರ್ರಿ. ನೀವಾಗಿ ಬರಾಕ ಹೋಗಬ್ಯಾಡ್ರಿ, ಹುಮನಾಬಾದಿಗೆ ಮುಟ್ಟತೀರಿ. ನಾಳಿ ಜಾವೀದ್ ಹ್ಯಾಂಗೂ ಬಾಳೆಹಣ್ಣಿಗೆ ಬರ್ತಾನಂತ, ಅವನ ಕೈಯಾಗ ನಿಮ್ಮನ್ನ ಕಳಿಸಾಕ ಹೇಳೀನಿ. ಮ್ಯಾಲೆ ಹೆಸರು ಬರಸ್ಕೊಳ್ರಿ. ವಾರಸಿಲ್ಲದ ಮಾಲು ನಾವೂ ಇಟ್ಕೊಳ್ಳಂಗಿಲ್ಲ."